ಬಗ್ಗಿ ಏಳುವಾಗ ಕಣ್ಣು ಕತ್ತಲಾಗುವವರಿಗೆ

ಅಡಿಕೆ ತೋಟದ ಕೆಲಸ ಎಂದರೆ ಬಗ್ಗುವುದು, ಏಳುವುದು. ಬಿದ್ದ ಅಡಿಕೆ ಹೆಕ್ಕಬೇಕು. ಹಾಳೆ ಎಳೆದು ಬದಿಗೆ ಹಾಕಬೇಕು. ನೀರು ಹರಿಯುವ ಕಣಿಯಲ್ಲಿ ಕಟ್ಟಿಕೊಂಡ ಕಸ ತೆಗೆಯಬೇಕು. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಎಷ್ಟು ಸಲ ಬಗ್ಗಿ ಎದ್ದೆವು ಎಂದು ಯಾರೂ ಲೆಕ್ಕ ಇಡುವುದಿಲ್ಲ. ನನಗೆ ಆ ಲೆಕ್ಕ ಇಡಬೇಕಾಗಿ ಬಂತು.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಏಳು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಹೆಡಿಗೆ ತುಂಬ ಅಡಿಕೆ ಹೆಕ್ಕಿ ಎತ್ತಿಕೊಂಡು ಎದ್ದೆ. ಎದುರಿನ ಮರಗಳೆಲ್ಲ ಬೂದಿ ಬಣ್ಣವಾದವು. ಕಿವಿಯಲ್ಲಿ ಗುಂಯ್ ಎಂದಿತು. ಹತ್ತಿರದಲ್ಲೇ ಓಡುತ್ತಿದ್ದ ಪಂಪಿನ ಸದ್ದು ಎಲ್ಲೋ ದೂರಕ್ಕೆ ಹೋದ ಹಾಗಾಯಿತು. ಮತ್ತೆ ನನಗೆ ಗೊತ್ತಾದದ್ದು ಕಣಿಯ ಒದ್ದೆ ಮಣ್ಣು ಕೆನ್ನೆಗೆ ತಾಗಿದಾಗ. ಕೆಲಸಕ್ಕೆ ಬಂದಿದ್ದ ಅಕ್ಕ ಓಡಿ ಬಂದು ನನ್ನನ್ನು ಎತ್ತಿ ಕೂರಿಸಿದರು. ಬಾಯಿಗೆ ನೀರು ಹಾಕಿದರು. ಯಾರೋ ನೀರುಳ್ಳಿ ಜಜ್ಜಿ ತಂದು ಮೂಗಿಗೆ ಹಿಡಿದರು. ಕೂರಿಸಿದ ಕೂಡಲೇ ಮತ್ತೆ ಕಣ್ಣು ಕತ್ತಲೆ ಬಂತು. ಅದು ಯಾಕೆ ಎಂದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ಆ ದಿನ ಸಂಜೆ ಒಂದು ಕ್ಲಿನಿಕ್ಕಿಗೆ ಹೋದೆವು. ಬಿಪಿ ನೋಡಿದರು. 'ಲೋ ಇದೆ' ಎಂದರು. ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಕಳುಹಿಸಿದರು. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಮತ್ತೆ ಅದೇ. ಆ ವರ್ಷ ಹೀಗೆ ನಾಲ್ಕು ಬಾಟ್ಲಿ ಹಾಕಿಸಿಕೊಂಡೆ. ಯಾಕೆ ಹೀಗಾಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಊರಲ್ಲಿ ಸಲಹೆಗೆ ಬರ ಇಲ್ಲ ಅಲ್ವಾ. 'ರಕ್ತ ಕಮ್ಮಿ, ಬೀಟ್ರೂಟ್ ತಿನ್ನು' ಎಂದರು ಒಬ್ಬರು. 'ಶುಗರ್ ಇಳಿದಿದೆ, ಬೆಲ್ಲ ಬಾಯಿಗೆ ಹಾಕು' ಎಂದರು ಇನ್ನೊಬ್ಬರು. 'ಉಪ್ಪು ನೀರು ಕುಡಿ' ಎಂದವರೂ ಇದ್ದರು. ಈ ಮೂರು ಬೇರೆ ಬೇರೆ ವಿಷಯ. ರಕ್ತ ಕಮ್ಮಿ ಎಂದರೆ ಹಿಮೋಗ್ಲೋಬಿನ್ ಕಮ್ಮಿ. ಶುಗರ್ ಕಮ್ಮಿ ಎಂದರೆ ರಕ್ತದಲ್ಲಿರುವ ಸಕ್ಕರೆ ಕಮ್ಮಿ. ಬಿಪಿ ಕಮ್ಮಿ ಎಂದರೆ ರಕ್ತ ಹರಿಯುವ ಒತ್ತಡ ಕಮ್ಮಿ. ಒಂದಿದ್ದರೆ ಇನ್ನೊಂದು ಇರಲೇಬೇಕೆಂದಿಲ್ಲ. ನನಗೆ ಮಾತ್ರ ಎರಡು ಒಟ್ಟಿಗೇ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಸರಿಯಾಗಿ ವಿಚಾರಿಸಿದ್ದು ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರ್. ಅವರಿಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಮಲಯಾಳ ಬಸ್ಸಿಗೂ ಪೇಟೆಗೂ ಸಾಕಾಗುವಷ್ಟು. 'ತಲೆ ತಿರುಗುತ್ತದೆ' ಎಂದೆ. 'ತಲಕರಕ್ಕಂ' ಎಂದು ಅವರು ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ಕೈಯನ್ನು ಗಾಳಿಯಲ್ಲಿ ಸುತ್ತು ತಿರುಗಿಸಿದರು. ಕೋಣೆ ಹೀಗೆ ತಿರುಗುತ್ತದಾ? ಮತ್ತೆ ಕೈಯನ್ನು ಕಣ್ಣಿನ ಮುಂದೆ ಪರದೆಯ ಹಾಗೆ ಇಳಿಸಿದರು. ಅಥವಾ ಹೀಗೆ ಕತ್ತಲಾಗುತ್ತದಾ?

ಆ ಪ್ರಶ್ನೆಯಿಂದಲೇ ಎಲ್ಲ ಬದಲಾಯಿತು. ನಾವು ಎರಡಕ್ಕೂ 'ತಲೆ ತಿರುಗುವುದು' ಎಂದೇ ಹೇಳುತ್ತೇವೆ. ಮಲಗಿದಲ್ಲಿ ಮಗ್ಗುಲು ಬದಲಾಯಿಸಿದರೆ ಮನೆಯ ಮಾಡು ಗರಗರ ತಿರುಗುವುದು ಹೆಚ್ಚಾಗಿ ಕಿವಿಯ ಒಳಗಿನ ತೊಂದರೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು, ಮೈ ಬೆವರಿ, ಬೀಳುವ ಹಾಗಾಗುವುದು ಮಿದುಳಿಗೆ ರಕ್ತ ಸಾಲದೆ ಇರುವುದು. ಡಾಕ್ಟರ ಹತ್ತಿರ ಹೋದಾಗ ದಯವಿಟ್ಟು ಇದನ್ನು ಬಿಡಿಸಿ ಹೇಳಿ. ಯಾವಾಗ ಆಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಗ ಏನು ಮಾಡುತ್ತಿದ್ದಿರಿ, ಇಷ್ಟೂ ಹೇಳಿ.

ಅವರು ನನ್ನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದರು. 104/66. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರು. 82/54. ಮೂರನೆಯ ನಿಮಿಷಕ್ಕೂ ಹೆಚ್ಚು ಏರಲಿಲ್ಲ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕೆ 20 ಅಥವಾ ಕೆಳಗಿನ ಅಂಕೆ 10 ಇಳಿದರೆ, ಅದು ನಿಂತಾಗ ಬಿಪಿ ಇಳಿಯುವ ತೊಂದರೆ. ಅಲ್ಲಿಯ ತನಕ ಎಲ್ಲರೂ ನನ್ನ ಬಿಪಿ ನೋಡಿದ್ದು ಕುರ್ಚಿಯಲ್ಲಿ ಕೂರಿಸಿಯೇ. ನಾನು ಬೀಳುತ್ತಿದ್ದದ್ದು ನಿಂತಾಗ.

90/60ಕ್ಕಿಂತ ಕೆಳಗಿದ್ದರೆ ಲೋ ಬಿಪಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಅಂಕೆ ಮಾತ್ರ ಕಾಯಿಲೆ ಅಲ್ಲ. ನನ್ನ ತಂಗಿಗೆ ಯಾವಾಗ ನೋಡಿದರೂ 90ರ ಆಸುಪಾಸು. ಅವಳು ಗುಡ್ಡ ಹತ್ತಿ ಇಳಿಯುತ್ತಾಳೆ, ಒಂದು ದಿನ ತಲೆ ಭಾರ ಎಂದದ್ದಿಲ್ಲ. ಅವಳಿಗೆ ಮದ್ದು ಬೇಡ. ತೊಂದರೆ ಇದ್ದರೆ ಮಾತ್ರ ಹುಡುಕಬೇಕು.

ಡಾಕ್ಟರ್ ಹೇಳಿದ ಕಾರಣ ನನಗೆ ತೋಟದ ಪೈಪಿನಿಂದ ಅರ್ಥವಾಯಿತು. ನಮ್ಮದು ಇಳಿಜಾರು ಜಾಗ. ಪಂಪಿನ ಒತ್ತಡ ಕಮ್ಮಿಯಾದರೆ ಕೆಳಗಿನ ತಟ್ಟಿನ ಸ್ಪ್ರಿಂಕ್ಲರ್ ತಿರುಗುತ್ತದೆ, ಮೇಲಿನ ತಟ್ಟಿನದು ಸುಮ್ನೆ ತೊಟ್ಟಿಕ್ಕುತ್ತದೆ. ಮನುಷ್ಯ ನಿಂತರೆ ತಲೆಯೇ ಮೇಲಿನ ತಟ್ಟು. ಎದ್ದ ಕೂಡಲೇ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಇದನ್ನು ಗಮನಿಸುವ ನರಗಳಿವೆ. ಅವು ಸುದ್ದಿ ಕೊಟ್ಟ ಮೇಲೆ ಹೃದಯ ಬೇಗ ಬಡಿಯುತ್ತದೆ, ಕಾಲಿನ ನಾಳಗಳು ಬಿಗಿಯಾಗುತ್ತವೆ. ಮೈಯಲ್ಲಿ ನೀರು ಕಮ್ಮಿ ಇದ್ದರೆ, ರಕ್ತ ಕಮ್ಮಿ ಇದ್ದರೆ, ಸೆಕೆಗೆ ನಾಳಗಳು ಸಡಿಲವಾಗಿದ್ದರೆ ಅಷ್ಟು ಮಾಡಿದರೂ ಸಾಲುವುದಿಲ್ಲ.

ನನ್ನ ಹಿಮೋಗ್ಲೋಬಿನ್ 9.2 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ತಿಂಗಳ ಸ್ರಾವ ಜಾಸ್ತಿ ಇತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಎಷ್ಟು ಹೆಂಗಸರು ಇದನ್ನು ಹೇಳದೆ ಸಹಿಸಿಕೊಂಡಿದ್ದಾರೋ. ಹೇಳಬೇಕು. ಕಬ್ಬಿಣದ ಮಾತ್ರೆ ಕೊಟ್ಟರು. ಚಹಾ, ಕಾಫಿಯ ಜೊತೆ ತೆಗೆದುಕೊಂಡರೆ ಅದು ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ನಾನು ಲಿಂಬೆ ನೀರಿನ ಜೊತೆ ನುಂಗುತ್ತಿದ್ದೆ. ಮಲ ಕಪ್ಪಾಯಿತು, ಆ ಮಾತ್ರೆಗೆ ಅದು ಸಹಜ. ನಾಲ್ಕು ತಿಂಗಳಲ್ಲಿ 12 ದಾಟಿತು. ಅರ್ಧ ತೊಂದರೆ ಅಲ್ಲಿಗೇ ಹೋಯಿತು.

ಉಳಿದ ಅರ್ಧವನ್ನು ನಾನೇ ನಿಭಾಯಿಸಲು ಕಲಿತೆ.

ಮೊದಲನೆಯದು ನೀರು. ಬೆಳಗ್ಗೆ ಏಳುವ ಹೊತ್ತು ಮೈಯಲ್ಲಿ ನೀರು ಕಮ್ಮಿ ಇರುತ್ತದೆ. ಮಂಚದ ಹತ್ತಿರ ಚೊಂಬು ಇಟ್ಟುಕೊಳ್ಳುತ್ತೇನೆ. ಎದ್ದು ಕೂತು, ಕಾಲು ಕೆಳಗೆ ಬಿಟ್ಟು, ಸುಮಾರು ಅರ್ಧ ಲೀಟರ್ ಕುಡಿಯುತ್ತೇನೆ. ಗುಟುಕು ಗುಟುಕಾಗಿ ಅಲ್ಲ, ನಾಲ್ಕೈದು ನಿಮಿಷದೊಳಗೆ. ಹೀಗೆ ಒಮ್ಮೆಗೇ ಕುಡಿದರೆ ಕೆಲವರಿಗೆ ಸ್ವಲ್ಪ ಹೊತ್ತಿನಲ್ಲೇ ಬಿಪಿ ಏರುತ್ತದೆ. ನನಗೆ ಏರಿತು, ಮಿಷನ್ನಿನಲ್ಲಿ ನೋಡಿದ್ದೇನೆ. ನಮ್ಮದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು. ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಕುಡಿಯಲು ಕಷ್ಟವಾಗುವುದಿಲ್ಲ. ಕುಡಿದ ಮೇಲೆ ಪಾದ ಹತ್ತು ಸಲ ಮೇಲೆ ಕೆಳಗೆ ಮಾಡುತ್ತೇನೆ. ಆಮೇಲೆಯೇ ಏಳುವುದು.

ಎರಡನೆಯದು ಕಾಲಿನ ಬಿಗಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಕುಂಬಳೆಯಿಂದ ಮಂಗಳೂರಿಗೆ ಬಸ್ಸಿನಲ್ಲಿ ನಿಂತು ಹೋಗುವಾಗ ಒಮ್ಮೆ ಆಕಳಿಕೆ ಮೇಲೆ ಆಕಳಿಕೆ ಬಂತು, ಅಂಗೈ ಬೆವರಿತು. ಅದು ನನಗೆ ಮುನ್ಸೂಚನೆ. ಒಂದು ಕಾಲಿನ ಮೇಲೆ ಇನ್ನೊಂದನ್ನು ಕತ್ತರಿಯ ಹಾಗೆ ಹಾಕಿ, ತೊಡೆ, ಹೊಟ್ಟೆ ಬಿಗಿ ಹಿಡಿದು, ಕಂಬಿಯನ್ನು ಗಟ್ಟಿ ಅಮುಕಿದೆ. ಕಾಲಿನ ಸ್ನಾಯು ಬಿಗಿಯಾದರೆ ಅಲ್ಲಿ ನಿಂತ ರಕ್ತ ಮೇಲೆ ಹೋಗುತ್ತದೆ. ಅರ್ಧ ನಿಮಿಷದಲ್ಲಿ ಕಣ್ಣು ತಿಳಿಯಾಯಿತು. 'ಎಂತು ಪಟ್ಟಿ ಚೇಚಿ?' (ಏನಾಯಿತು ಅಕ್ಕ?) ಎಂದು ಕಂಡಕ್ಟರ್ ಕೇಳಿ ಒಂದು ಸೀಟು ಬಿಡಿಸಿಕೊಟ್ಟರು. ಕಾಲು ಬಿಗಿ ಹಿಡಿದೂ ಕಮ್ಮಿಯಾಗದಿದ್ದರೆ ಇದ್ದಲ್ಲೇ ಕುಕ್ಕರುಗಾಲಿನಲ್ಲಿ ಕೂರಬೇಕು. ಮದುವೆ ಮನೆಯಾಗಲಿ, ದೇವಸ್ಥಾನದ ಸಾಲಾಗಲಿ, ನಾಚಿಕೆ ಬೇಡ. ನಾಚಿಕೊಂಡು ನಿಂತದ್ದಕ್ಕೆ ನನ್ನ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಿದೆ.

ಊಟದ ವಿಷಯ ನನಗೆ ತಡವಾಗಿ ಗೊತ್ತಾಯಿತು. ಜಂಬರದ (ಸಮಾರಂಭದ) ಊಟ ಉಂಡು ಕೈ ತೊಳೆಯಲು ಎದ್ದಾಗಲೇ ಯಾಕೆ ಹಾಗಾಗುತ್ತದೆ? ಹೊಟ್ಟೆ ತುಂಬಿದಾಗ ರಕ್ತ ಜೀರ್ಣಕ್ಕೆ ಬೇಕಾಗಿ ಕರುಳಿನ ಕಡೆ ಹೋಗುತ್ತದೆ. ಅನ್ನ, ಪಾಯಸ, ಹೋಳಿಗೆ ಒಟ್ಟಿಗೆ ಉಂಡರೆ ಇನ್ನೂ ಜಾಸ್ತಿ. ಉಂಡ ನಂತರದ ಎರಡು ಗಂಟೆ ಜಾಗ್ರತೆ ಬೇಕು. ಈಗ ಮೂರು ಹೊತ್ತಿನ ಊಟವನ್ನು ಐದು ಹೊತ್ತು ಮಾಡಿದ್ದೇನೆ. ಪಾಯಸ ಬಿಟ್ಟಿಲ್ಲ, ಅನ್ನ ಕಮ್ಮಿ ಹಾಕಿಸಿಕೊಳ್ಳುತ್ತೇನೆ. ಉಂಡ ಮೇಲೆ ಅಂಗಳಕ್ಕೆ ಇಳಿದು ಬಿಸಿಲಿನಲ್ಲಿ ಅಡಿಕೆ ಮಗುಚುವ ಕೆಲಸವನ್ನು ಬೇರೆಯವರಿಗೆ ಬಿಟ್ಟಿದ್ದೇನೆ.

ಉಪ್ಪಿನ ಬಗ್ಗೆ ಒಂದು ಮಾತು. ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎಲ್ಲ ದೊಡ್ಡವರಿಗೆ. ನನ್ನ ಕಿಡ್ನಿ, ಹೃದಯ ನೋಡಿದ ಮೇಲೆ ಡಾಕ್ಟರ್ ನನಗೆ ಸ್ವಲ್ಪ ಜಾಸ್ತಿಗೆ ಒಪ್ಪಿದರು. ಅತ್ತೆಗೆ ಹೈ ಬಿಪಿ. ಹಾಗಾಗಿ ಮನೆಯ ಸಾರಿಗೆ ಉಪ್ಪು ಏರಿಸಿಲ್ಲ. ನನ್ನ ಹತ್ತು ಗಂಟೆಯ ಗಂಜಿ ತಿಳಿಗೆ ಬೇರೆಯಾಗಿ ಹಾಕಿಕೊಳ್ಳುತ್ತೇನೆ, ಜೊತೆಗೆ ಒಂದು ಮಾವಿನಮಿಡಿ. ಡಾಕ್ಟರ್ ಹೇಳದೆ ಯಾರೂ ಉಪ್ಪು ಏರಿಸಬೇಡಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಎಣ್ಣೆ ಸ್ನಾನ ನನಗೆ ಬಹಳ ಇಷ್ಟ. ಆದರೆ ದೀಪಾವಳಿಯ ಹೊತ್ತಿಗೆ ಹಂಡೆಯ ಸುಡುನೀರು ಸುರಿದುಕೊಂಡು ಎದ್ದರೆ ಬಚ್ಚಲಿನಲ್ಲೇ ಕಾಲು ಸೋಲುತ್ತಿತ್ತು. ಬಿಸಿಗೆ ಚರ್ಮದ ನಾಳಗಳು ಅರಳುತ್ತವೆ. ಈಗ ನೀರು ಉಗುರು ಬೆಚ್ಚಗೆ. ಕೊನೆಗೆ ಎರಡು ಚೊಂಬು ತಣ್ಣೀರು ಕಾಲಿಗೆ. ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಹೊರಗೆ ಬಟ್ಟೆ ನೇತು ಹಾಕಿರುತ್ತೇನೆ.

ಮಾವನ ಕಥೆ ಬೇರೆ. ಅವರಿಗೆ 78 ವರ್ಷ. ಹದಿನೈದು ವರ್ಷದಿಂದ ಹೈ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದು ಎರಡು ಸಲ ಬಿದ್ದರು. ಮುದಿ ಪ್ರಾಯ ಎಂದು ಎಲ್ಲರೂ ಬಿಟ್ಟುಬಿಟ್ಟೆವು. ಮೂರನೆಯ ಸಲ ನಾನು ಮಿಷನ್ ತಂದು ನೋಡಿದೆ. ಕೂತಾಗ 142, ನಿಂತಾಗ 108. ಕೂತಾಗ ಜಾಸ್ತಿ, ನಿಂತಾಗ ಕಮ್ಮಿ ಎರಡೂ ಒಬ್ಬರಿಗೇ ಇರಬಹುದು! ಎರಡು ತಿಂಗಳ ಹಿಂದೆ ಪ್ರಾಸ್ಟೇಟಿನ ಮಾತ್ರೆ ಹೊಸದಾಗಿ ಶುರುವಾಗಿತ್ತು. ಅಂಥ ಕೆಲವು ಮಾತ್ರೆಗಳು ಬಿಪಿಯನ್ನೂ ಇಳಿಸುತ್ತವೆ. ಎರಡೂ ಮಾತ್ರೆಯ ಚೀಟಿ ಒಟ್ಟಿಗೆ ಹಿಡಿದುಕೊಂಡು ಹೋದೆವು. ಡಾಕ್ಟರ್ ಒಂದನ್ನು ಬದಲಾಯಿಸಿದರು, ಇನ್ನೊಂದರ ಹೊತ್ತು ಬದಲಾಯಿಸಿದರು. 'ಎಲ್ಲ ಮಾತ್ರೆ ನಿಲ್ಲಿಸುತ್ತೇನೆ' ಎಂದು ಮಾವ ಹಟ ಹಿಡಿದಿದ್ದರು. ಹಾಗೆ ಮಾಡಿದರೆ ಪಾರ್ಶ್ವವಾಯು ಆಗುವ ಅಪಾಯ ಎಂದು ಕೂರಿಸಿ ವಿವರಿಸಬೇಕಾಯಿತು. ಈಗ ಅವರ ಮಂಚದ ಹತ್ತಿರವೇ ಮೂತ್ರದ ಪಾತ್ರೆ ಇದೆ. ನಿಂತು ಮಾಡುವುದಿಲ್ಲ, ಕೂತೇ ಮಾಡುತ್ತಾರೆ. ಆಮೇಲೆ ಬಿದ್ದಿಲ್ಲ.

ಮನೆಯಲ್ಲಿ ಬಿಪಿ ನೋಡುವುದಾದರೆ ಸುಮ್ನೆ ಬೇಕಾದಾಗ ನೋಡಬೇಡಿ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಆಗಿರಬೇಕು. ಐದು ನಿಮಿಷ ಮಲಗಿ ನೋಡಬೇಕು. ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ನೋಡಬೇಕು, ಹತ್ತಿರ ಯಾರಾದರೂ ಇರಬೇಕು. ಕೈ ಎದೆಯ ಮಟ್ಟದಲ್ಲಿರಲಿ. ಪುಸ್ತಕದಲ್ಲಿ ತಾರೀಕು, ಹೊತ್ತು, ಸೆಕೆ ಹೇಗಿತ್ತು ಎಂದೂ ಬರೆಯಿರಿ. ನನ್ನ ಪುಸ್ತಕ ತಿರುವಿದರೆ ತುಳುವಿನ ಪಗ್ಗು ತಿಂಗಳಲ್ಲಿ, ಅಂದರೆ ಬೇಸಿಗೆಯಲ್ಲಿ, ಅಂಕೆ ಇಳಿದಿರುತ್ತದೆ, ಮಳೆಗಾಲದ ಆಟಿ ತಿಂಗಳಲ್ಲಿ ಏರಿರುತ್ತದೆ. ಹಾಗಾಗಿ ಏಪ್ರಿಲ್ ಬಂದರೆ ಬೆಳಗ್ಗೆ ಆರರಿಂದ ಒಂಬತ್ತರ ತನಕ ಮಾತ್ರ ತೋಟ.

ಕೆಲವು ಲಕ್ಷಣಗಳನ್ನು ಮನೆಯಲ್ಲಿ ನೋಡುತ್ತಾ ಕೂರಬಾರದು. ಎದೆ ನೋವು, ಉಸಿರು ಕಟ್ಟುವುದು, ಎದೆ ಡವಡವ ಎಂದು ಬಡಿಯುವುದು, ಓಡುವಾಗ ಅಥವಾ ಭಾರ ಹೊರುವಾಗ ಸೂಚನೆಯೇ ಇಲ್ಲದೆ ಬೀಳುವುದು, ಕಬ್ಬಿಣದ ಮಾತ್ರೆ ತೆಗೆದುಕೊಳ್ಳದೆಯೂ ಡಾಂಬರಿನ ಹಾಗೆ ಕಪ್ಪು ಮಲ. ಮನೆಯಲ್ಲಿ ಯಾರಾದರೂ ಸಣ್ಣ ಪ್ರಾಯದಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬಸುರಿಯರಿಗೆ ಮೊದಲ ತಿಂಗಳುಗಳಲ್ಲಿ ಬಿಪಿ ಸ್ವಲ್ಪ ಇಳಿಯುವುದು ಸಹಜ, ಆದರೆ ಬಿದ್ದರೆ ತೋರಿಸಲೇಬೇಕು.

ಬಿದ್ದವರನ್ನು ಎತ್ತಿ ಕೂರಿಸಬಾರದು ಎಂದು ಮನೆಯವರಿಗೆಲ್ಲ ಹೇಳಿಕೊಟ್ಟಿದ್ದೇನೆ. ಕೂರಿಸಿದರೆ ತಲೆ ಮತ್ತೆ ಮೇಲಿನ ತಟ್ಟಿಗೆ ಬಂತಲ್ಲ. ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿಯಬೇಕು. ಎಚ್ಚರ ಪೂರ್ತಿ ಬರುವ ತನಕ ಬಾಯಿಗೆ ನೀರು ಹಾಕಬಾರದು. ಒಂದೆರಡು ನಿಮಿಷದಲ್ಲಿ ಎಚ್ಚರ ಬಾರದಿದ್ದರೆ ಗಾಡಿ ತರಿಸಬೇಕು.

ನನ್ನನ್ನು ಅಂದು ಎತ್ತಿ ಕೂರಿಸಿದ ಅಕ್ಕ ಈಗಲೂ ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಾರೆ. ನಾನೀಗ ಹೆಕ್ಕುವಾಗ ಪ್ರತಿ ಸಲ ಏಳುವುದಿಲ್ಲ. ಕುಕ್ಕರುಗಾಲಿನಲ್ಲೇ ಮರದಿಂದ ಮರಕ್ಕೆ ಸರಿಯುತ್ತೇನೆ. ಏಳಬೇಕಾದಾಗ ಮರ ಹಿಡಿದು, ಹತ್ತು ಎಣಿಸಿ ಏಳುತ್ತೇನೆ. ಹೆಡಿಗೆ ಎತ್ತುವುದು ಅವರೇ. ಕಳೆದ ಪಗ್ಗುವಿನಲ್ಲಿ ಒಂದು ಬೆಳಗ್ಗೆ ನಾನು ಎರಡು ಸಲ ಆಕಳಿಸಿದೆ. ಅವರು ನನ್ನ ಮುಖ ನೋಡಿದರು. ಓಡಿ ಬಂದು ಹಿಡಿಯಲಿಲ್ಲ. 'ಕುಲ್ಲುಲೆ ಅಕ್ಕ' (ಕೂತುಕೊಳ್ಳಿ ಅಕ್ಕ) ಎಂದು ತುಳುವಿನಲ್ಲಿ ನಿಂತಲ್ಲಿಂದಲೇ ಹೇಳಿ, ನೀರಿನ ಬಾಟ್ಲಿ ತರಲು ಹೋದರು. ನಾನು ಅಡಿಕೆ ಹಾಳೆಯ ಮೇಲೆ ಕೂತೆ.