ಅರ್ಧ ಓದಿದ ಪುಸ್ತಕ ತನ್ನಿ: ಓದುಗರ ಕೂಟ ನಡೆಸುವುದು ಹೇಗೆ?

ಓದುವ ಅಭ್ಯಾಸ ಇರುವ ನಾಲ್ಕು ಜನ ಒಂದು ಕಡೆ ಕೂತರೆ ಪುಸ್ತಕದ ಮಾತು ತಾನಾಗಿಯೇ ಬರುತ್ತದೆ ಅಂತ ನಂಬಿ ಕೂಟ ಶುರು ಮಾಡುವವರು ತುಂಬ ಜನ. ಮೂರ್ನಾಲ್ಕು ತಿಂಗಳಿಗೆ ಅದು ನಿಂತೂ ಹೋಗಿರುತ್ತದೆ. ಕೆಡುವ ರೀತಿ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಒಬ್ಬರು ಎದ್ದು ನಿಂತು ಲೇಖಕರ ಹುಟ್ಟೂರಿನಿಂದ ಶುರು ಮಾಡುತ್ತಾರೆ. ಬಂದ ಪ್ರಶಸ್ತಿಗಳನ್ನೆಲ್ಲ ಹೇಳುತ್ತಾರೆ. ಆಮೇಲೆ ಇಡೀ ಕಥೆ ಒಪ್ಪಿಸಿ ಕೂರುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ, ಉಳಿದವರ ಕಣ್ಣು ಮೊಬೈಲಿನಲ್ಲಿರುತ್ತದೆ. ಇನ್ನು ಯಾರಾದರೂ, ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಪ್ರೀತಿಸುವ ಕಾದಂಬರಿ ತಂದರೋ, ಮುಗಿಯಿತು. ಒಂದೋ ಒಬ್ಬರ ಬಾಯಿಂದಲೂ ಮಾತಿಲ್ಲ, ಇಲ್ಲವೇ ಪುಸ್ತಕ ಬಿಟ್ಟು ತಂದವರ ಮೇಲೆ ಪ್ರಶ್ನೆಗಳ ಸುರಿಮಳೆ.

ಎರಡೂ ಕಾಯಿಲೆಗೆ ಮದ್ದು ಒಂದೇ ಇದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಸುಲಭದ ಕೆಲಸ ಮುಗಿಸೋಣ.

ಜಾಗ, ದಿನ, ಜನ

ಎಂಟರಿಂದ ಹತ್ತು ಜನ, ತಿಂಗಳಿಗೊಂದು ಭಾನುವಾರ, ಒಂದೂವರೆ ಗಂಟೆ. ಮನೆಯ ಹಜಾರವೋ ಪಾರ್ಕಿನ ಮರದ ನೆರಳೋ ಆದೀತು. ಹೋಟೆಲ್ ಬೇಡ, ಗಲಾಟೆಯಲ್ಲಿ ಯಾರು ಏನು ಓದಿದರೂ ಕೇಳಿಸುವುದಿಲ್ಲ. ದುಂಡಗೆ ಕೂರಿ. ವೇದಿಕೆ, ಮೈಕು, ಮುಖ್ಯ ಅತಿಥಿ, ಹೂಗುಚ್ಛ ಯಾವುದೂ ಬೇಡ. ಹೂಗುಚ್ಛ ಬಂದ ದಿನ ಭಾಷಣವೂ ಹಿಂದೆಯೇ ಬರುತ್ತದೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಚಾಪೆ ಹಾಸಿಕೊಂಡು ಓದುವ ‘ಕಬ್ಬನ್ ರೀಡ್ಸ್’ ಇದೆಯಲ್ಲ, ಹಾಗೇ ಮಾಡಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಅದು ಸುಮ್ಮನೆ ಕೂತು ಓದುವ ಕೂಟ, ಅಲ್ಲಿ ಕಟ್ಟುಪಾಡು ಕಡಿಮೆ ಇದ್ದರೂ ನಡೆಯುತ್ತದೆ. ಬಾಯಿ ಬಿಟ್ಟು ಮಾತಾಡುವ ಕೂಟಕ್ಕೆ ಹಾಗಾಗದು.

ಕರೆಯುವಾಗ ಒಂದೇ ಸಾಲು

ವಾಟ್ಸಾಪಿನಲ್ಲಿ ಉದ್ದನೆಯ ಆಹ್ವಾನ ಬರೆಯಬೇಡಿ. ‘ಅರ್ಧ ಓದಿರುವ ಪುಸ್ತಕ ತನ್ನಿ’ ಅಂತಷ್ಟೇ ಹಾಕಿ. ಓದಿ ಮುಗಿಸಿದವರ ಹತ್ತಿರ ತೀರ್ಪು ಇರುತ್ತದೆ, ತೀರ್ಪು ಬಂದಮೇಲೆ ಮಾತು ಬೆಳೆಯುವುದಿಲ್ಲ. ನಡುವೆ ಇರುವವರ ಹತ್ತಿರ ಅನುಮಾನ ಇರುತ್ತದೆ, ಬೇಜಾರು ಇರುತ್ತದೆ, ‘ಇವನು ಯಾಕೆ ಹೀಗೆ ಮಾಡ್ತಿದ್ದಾನೆ’ ಅನ್ನುವ ಸಿಟ್ಟು ಇರುತ್ತದೆ. ಕೂಟಕ್ಕೆ ಬೇಕಾದ್ದು ಅದೇ. ಆರು ತಿಂಗಳಿಂದ ಅರ್ಧಕ್ಕೇ ನಿಂತಿರುವ ಪುಸ್ತಕವೂ ನಡೆಯುತ್ತದೆ.

ಪತ್ತೇದಾರಿ, ಪ್ರವಾಸ ಕಥನ, ಅಡುಗೆ ಪುಸ್ತಕ, ಯಾವುದಕ್ಕೂ ಮೂಗು ಮುರಿಯಬೇಡಿ. ಆಡಿಯೋ ಪುಸ್ತಕ ಕೇಳುವುದೂ ಓದೇ. ಆದರೆ ಎರಡನ್ನು ಬಾಗಿಲಲ್ಲೇ ತಡೆಯಿರಿ. ಮೊದಲನೆಯದು, ಕಳ್ಳ ಪಿಡಿಎಫ್. ಕನ್ನಡದಲ್ಲಿ ಪುಸ್ತಕ ಬರೆದು ಬದುಕುವುದೇ ಕಷ್ಟ, ಅದರ ಮೇಲೆ ಇದು ಬೇರೆ. ಎರಡನೆಯದು, ಹದಿನೈದು ನಿಮಿಷದಲ್ಲಿ ಪುಸ್ತಕದ ಸಾರ ಕೊಡುತ್ತೇವೆ ಅನ್ನುವ ಆ್ಯಪ್‌ಗಳು. ಅದನ್ನು ಕೇಳಿ ಬಂದವರು ಬಹಳ ವಿಶ್ವಾಸದಿಂದ ಮಾತಾಡುತ್ತಾರೆ. ಎಷ್ಟನೇ ಪುಟದಲ್ಲಿದ್ದೀರಿ ಅಂತ ಕೇಳಿ ನೋಡಿ, ತಡಬಡಾಯಿಸುತ್ತಾರೆ.

ಮೂರು ನಿಮಿಷ: ಎಲ್ಲರೂ ಎಡವುವುದು ಇಲ್ಲೇ

ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಐದು ನಿಮಿಷ ಎಲ್ಲರ ಮಾತು. ಮೂರು ನಿಮಿಷ ಕಡಿಮೆಯಾಯಿತು ಅಂತ ಎಲ್ಲರೂ ಗೊಣಗುತ್ತಾರೆ. ಬಗ್ಗಬೇಡಿ, ಮೊಬೈಲಿನಲ್ಲಿ ಟೈಮರ್ ಇಟ್ಟು ಎದುರಿಗೇ ಇಡಿ.

ಆ ಮೂರು ನಿಮಿಷದಲ್ಲಿ ಹೇಳಬೇಕಾದ್ದು ಇಷ್ಟು. ಪುಸ್ತಕದ ಹೆಸರು, ಬರೆದವರ ಹೆಸರು, ಅನುವಾದವಾಗಿದ್ದರೆ ಅನುವಾದಕರ ಹೆಸರು. ಈಗ ಎಷ್ಟನೇ ಪುಟದಲ್ಲಿದ್ದೀರಿ. ಕಥೆ ಹೇಳುತ್ತಿರುವುದು ಯಾರು. ಆಮೇಲೆ ಹತ್ತು ಸಾಲು ಜೋರಾಗಿ ಓದುವುದು. ಕೊನೆಗೆ, ನಿಮ್ಮ ತಲೆಯಲ್ಲಿ ಕೊರೆಯುತ್ತಿರುವ ಒಂದು ಪ್ರಶ್ನೆ. ಲೇಖಕರ ಊರು, ಓದಿದ ಕಾಲೇಜು, ಪ್ರಶಸ್ತಿ ಯಾವುದೂ ಬೇಡ, ಅದೆಲ್ಲ ರಕ್ಷಾಪುಟದಲ್ಲಿ ಅಚ್ಚಾಗಿರುತ್ತದೆ.

ಇದರಲ್ಲಿ ಕಷ್ಟದ್ದು ಹತ್ತು ಸಾಲು ಆರಿಸುವುದು. ಜನ ಯಾವಾಗಲೂ ನುಡಿಮುತ್ತಿನಂಥ ಸಾಲು ಹುಡುಕುತ್ತಾರೆ, ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟ ಸಾಲು. ಅಂಥದ್ದನ್ನು ಓದಿದರೆ ಎಲ್ಲರೂ ‘ವಾಹ್’ ಅಂತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಯಾರೋ ಏನನ್ನೋ ನೋಡುತ್ತಿರುವ, ಮಾಡುತ್ತಿರುವ ಜಾಗ ಆರಿಸಿ.

ಇಸ್ಮತ್ ಚುಗ್ತಾಯಿ ಅವರ ‘ಲಿಹಾಫ್’ (ಅಂದರೆ ರಜಾಯಿ) ತೆಗೆದುಕೊಳ್ಳಿ. 1942ರಲ್ಲಿ ಉರ್ದುವಿನಲ್ಲಿ ಬಂದ ಸಣ್ಣ ಕಥೆ, ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು. ಗಂಡ ಕಣ್ಣೆತ್ತಿಯೂ ನೋಡದ ಬೇಗಂ, ಅವಳ ಸೇವಕಿ, ಮತ್ತು ಅದೇ ಕೋಣೆಯಲ್ಲಿ ಮಲಗುವ ಒಬ್ಬ ಪುಟ್ಟ ಹುಡುಗಿ. ಇದನ್ನು ತಂದವರು ಸಾಮಾನ್ಯವಾಗಿ ‘ಇದು ಲೆಸ್ಬಿಯನ್ ಕಥೆ, ಕೇಸ್ ಆಗಿತ್ತು’ ಅಂತ ಶುರು ಮಾಡುತ್ತಾರೆ. ಕಥೆಯ ಜೀವ ಅಲ್ಲಿಗೇ ಹೋಯಿತು. ಅದರ ಬದಲು, ರಾತ್ರಿ ಎಚ್ಚರವಾದ ಹುಡುಗಿಗೆ ಗೋಡೆಯ ಮೇಲೆ ರಜಾಯಿಯ ನೆರಳು ಆನೆಯಂತೆ ಅಲ್ಲಾಡುವುದು ಕಾಣುವ ಭಾಗವನ್ನು ಓದಿ ನಿಲ್ಲಿಸಿ. ಹುಡುಗಿಗೆ ಭಯ. ಏನು ನಡೆಯುತ್ತಿದೆ ಅಂತ ಅವಳಿಗೆ ಗೊತ್ತಿಲ್ಲ, ಕೇಳುವವರಿಗೆ ಗೊತ್ತಾಗುತ್ತದೆ. ಕೂತವರ ಮುಖ ನೋಡಿ, ಯಾರಿಗೆ ಯಾವಾಗ ಹೊಳೆಯಿತು ಅಂತ ತಿಳಿಯುತ್ತದೆ. ಇಷ್ಟಾದ ಮೇಲೆ ‘ಮಗುವಿನ ಬಾಯಲ್ಲೇ ಯಾಕೆ ಹೇಳಿಸಿದರು?’ ಅನ್ನುವ ಪ್ರಶ್ನೆ ಇಟ್ಟರೆ ಐದು ನಿಮಿಷ ಸಾಲುವುದಿಲ್ಲ.

ಹತ್ತು ಸಾಲನ್ನು ಹಿಂದಿನ ರಾತ್ರಿಯೇ ಗುರುತು ಮಾಡಿ, ಒಮ್ಮೆ ಜೋರಾಗಿ ಓದಿಕೊಳ್ಳಿ. ಕೂಟದಲ್ಲಿ ಕೂತು ‘ಇಲ್ಲೇ ಎಲ್ಲೋ ಇತ್ತು’ ಅಂತ ಪುಟ ತಿರುವುವವರಿಗೆ ಟೈಮರ್ ಕಾಯುವುದಿಲ್ಲ. ಇಂಗ್ಲಿಷ್ ಪುಸ್ತಕವಾದರೆ ಆ ಭಾಗವನ್ನು ನೀವೇ ಕನ್ನಡದಲ್ಲಿ ಹೇಳಿ. ಮೊಬೈಲ್ ಕೊಡುವ ಅನುವಾದವನ್ನು ಹಾಗೇ ಓದಬೇಡಿ, ಅದರಲ್ಲಿ ಅಜ್ಜಿಯೂ ವಕೀಲರ ಹಾಗೆ ಮಾತಾಡುತ್ತಾಳೆ.

ಮುಂದಿನದ್ದನ್ನು ಬಾಯಿ ಬಿಡದಿರುವುದು

ಇದು ಓದಿ ಮುಗಿಸಿದವರಿಗೆ. ಸಚಿನ್ ಕುಂಡಲಕರ್ ಮರಾಠಿಯಲ್ಲಿ ಬರೆದು 2006ರಲ್ಲಿ ಪ್ರಕಟವಾದ ‘ಕೋಬಾಲ್ಟ್ ಬ್ಲೂ’ ಕಾದಂಬರಿಯಲ್ಲಿ ಅಣ್ಣ, ತಂಗಿ ಇಬ್ಬರೂ ಮನೆಗೆ ಪೇಯಿಂಗ್ ಗೆಸ್ಟಾಗಿ ಬಂದ ಒಬ್ಬನನ್ನೇ ಪ್ರೀತಿಸುತ್ತಾರೆ. ಇಷ್ಟನ್ನು ಹಿಂಬದಿಯ ರಕ್ಷಾಪುಟವೇ ಹೇಳುತ್ತದೆ. ಮೊದಲ ಭಾಗ ಅಣ್ಣನದು, ಎರಡನೆಯದು ತಂಗಿಯದು. ಮೊದಲ ಭಾಗದಲ್ಲಿ ಇರುವವರು ಅಣ್ಣನ ಕಣ್ಣಿನಿಂದಷ್ಟೇ ನೋಡಿರುತ್ತಾರೆ, ಅವನ ನೋವೇ ಪೂರ್ತಿ ಸತ್ಯ ಅಂದುಕೊಂಡಿರುತ್ತಾರೆ. ಆಗ ‘ತಂಗಿ ಭಾಗ ಓದಿ, ಆಮೇಲೆ ಹೇಳಿ’ ಅಂತ ಮೀಸೆಯಡಿ ನಗುವವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಸುಮ್ಮನಿರಿಸಿ. ಅರ್ಧ ಗೊತ್ತಿರುವಾಗ ಓದುಗರಿಗೆ ಏನನ್ನಿಸುತ್ತದೆ ಅನ್ನುವುದು ಮುಗಿಸಿದವರಿಗೆ ಮತ್ತೆ ಸಿಗುವುದಿಲ್ಲ.

ಅಂದ ಹಾಗೆ, ಇದು 2022ರಲ್ಲಿ ಸಿನಿಮಾ ಆಗಿ ಬಂತು. ಕಾದಂಬರಿಯ ಮನೆ ಪುಣೆಯಲ್ಲಿದೆ, ಸಿನಿಮಾದ ಮನೆ ಕೊಚ್ಚಿಯಲ್ಲಿ. ಪುಸ್ತಕ ಓದಿದ್ದೀನಿ ಅಂತ ಹೇಳಿ ಕೊಚ್ಚಿಯನ್ನು ವರ್ಣಿಸುವವರನ್ನು ಕಂಡರೆ ಚಹಾ ತರಲು ಕಳಿಸಿ.

ಪುಸ್ತಕ ತಂದವರನ್ನು ಪುಸ್ತಕವಾಗಿಸಬೇಡಿ

ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಬದುಕಿನ ಕಥೆ ಬಂದಾಗ ಕೂಟ ನಡೆಸುವವರು ಸ್ವಲ್ಪ ಎಚ್ಚರದಲ್ಲಿರಬೇಕು. ‘ನೀವ್ಯಾಕೆ ಇದನ್ನ ಓದ್ತಿದ್ದೀರಿ?’ ಅನ್ನುವ ಪ್ರಶ್ನೆ ಮೊದಲು ಬರುತ್ತದೆ. ನಗುನಗುತ್ತಲೇ ಬರುತ್ತದೆ. ಹಿಂದೆಯೇ ‘ಮನೇಲಿ ಗೊತ್ತಾ?’ ತಂದವರು ಕಾಲೇಜು ಹುಡುಗನಾಗಿದ್ದರೆ ಅಲ್ಲಿಗೆ ಅವನು ಮುಂದಿನ ತಿಂಗಳು ಬರುವುದಿಲ್ಲ.

ಮೊದಲೇ ಹೇಳಿದ ಮದ್ದು ಇಲ್ಲಿ ಬೇಕು. ಪ್ರಶ್ನೆ ಕೇಳಿದವರ ಕಡೆ ತಿರುಗಿ, ‘ಸಾರ್, ಇದು ಎಷ್ಟನೇ ಪುಟದ ಬಗ್ಗೆ?’ ಅನ್ನಿ. ಅಷ್ಟೇ. ಜಗಳ ಬೇಡ, ಪಾಠ ಬೇಡ, ಮುಖ ಗಂಟು ಹಾಕುವುದೂ ಬೇಡ. ಪ್ರಶ್ನೆಗೆ ಪುಟ ಇಲ್ಲದಿದ್ದರೆ ಅದು ಕೂಟದ ಪ್ರಶ್ನೆಯಲ್ಲ. ಹುಟ್ಟೂರು, ಪ್ರಶಸ್ತಿ ಅಂತ ಭಾಷಣ ಎಳೆಯುವವರಿಗೂ ಇದನ್ನೇ ಕೇಳುತ್ತೀರಿ, ಹಾಗಾಗಿ ಯಾರಿಗೂ ತಮ್ಮನ್ನೇ ಗುರಿ ಮಾಡಿದರು ಅನ್ನಿಸುವುದಿಲ್ಲ. ‘ಲಿಹಾಫ್’ ಅಶ್ಲೀಲ ಅಂತ ಲಾಹೋರಿನ ಕೋರ್ಟಿನಲ್ಲಿ ಕೇಸು ನಡೆದಾಗಲೂ ಆದದ್ದು ಹೆಚ್ಚು ಕಡಿಮೆ ಇದೇ. ಯಾವ ಮಾತು ಅಶ್ಲೀಲ, ತೋರಿಸಿ ಅಂದಾಗ ಸಾಕ್ಷಿ ಹೇಳಲು ಬಂದವರು ತಡಕಾಡಿದರು. ಚುಗ್ತಾಯಿ ಗೆದ್ದರು.

ಇದಕ್ಕಿಂತ ನಯವಾಗಿ ಕೆಡಿಸುವವರೂ ಇದ್ದಾರೆ, ಅತಿ ಒಳ್ಳೆಯವರು. ಪುಸ್ತಕ ತೆರೆಯುವ ಮೊದಲೇ ‘ಅಯ್ಯೋ ಪಾಪ, ಎಷ್ಟು ಕಷ್ಟ’ ಅನ್ನುತ್ತಾರೆ. ಇಲ್ಲವೇ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಅಂದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ಅಂತ ಹಿಡಿದುಕೊಳ್ಳುತ್ತಾರೆ. ಆ ತೀರ್ಪು ಗೊತ್ತಿರಬೇಕಾದ್ದೇ. ಅದಕ್ಕೆ ಮುಂಚೆ ಬಂದ ಕಥೆ ಯಾವುದು, ಆಮೇಲೆ ಬಂದದ್ದು ಯಾವುದು ಅಂತ ನೋಡಿದರೆ ಪಾತ್ರಗಳ ಭಯದ ಕಾರಣವೂ ಅರ್ಥವಾಗುತ್ತದೆ. ಆದರೆ ಮೂರು ನಿಮಿಷವೂ ತೀರ್ಪಿನಲ್ಲೇ ಕಳೆದರೆ ಕಾದಂಬರಿ ಎಲ್ಲಿಗೆ ಹೋಯಿತು? ‘ತುಂಬ ಧೈರ್ಯದ ಪುಸ್ತಕ’ ಅಂತ ಹೇಳಿ ಕೂತುಬಿಡುವುದನ್ನೂ ನಾನು ಒಪ್ಪುವುದಿಲ್ಲ. ಸಂಭಾಷಣೆ ಸಹಜವಾಗಿದೆಯಾ? ಅಮ್ಮನ ಪಾತ್ರ ನಂಬುವಂತಿದೆಯಾ? ನಡುವೆ ನಿದ್ದೆ ಬಂತಾ? ಬಂದಿದ್ದರೆ ಹೇಳಿ. ಗೇ ಕಾದಂಬರಿ ಬೋರಾಯಿತು ಅಂತ ಧಾರಾಳವಾಗಿ ಹೇಳಬಹುದು, ಯಾವ ಪುಟದಿಂದ ಬೋರಾಯಿತು ಅಂತ ಹೇಳಿದರಾಯಿತು.

ಕಥೆಯನ್ನೂ ಆತ್ಮಕಥೆಯನ್ನೂ ಒಂದೇ ಮೂಟೆಗೆ ತುಂಬಬೇಡಿ. ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಎ. ರೇವತಿಯವರ ‘ಬದುಕು ಬಯಲು’, ದು. ಸರಸ್ವತಿ ಕನ್ನಡಕ್ಕೆ ತಂದದ್ದು, ಆತ್ಮಕಥೆ. 2021ರಲ್ಲಿ ಪದ್ಮಶ್ರೀ ಪಡೆದ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’ ಕೂಡ ಆತ್ಮಕಥನ, ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದು. ಅಲ್ಲಿ ‘ಇದು ನಡೆದದ್ದು’ ಅಂತಲೇ ಮಾತಾಡಬೇಕು. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದ ಕಥಾಸಂಕಲನ. ತಾನು ಗೇ ಅಂತ ಲೇಖಕರೇ ಬಹಿರಂಗವಾಗಿ ಹೇಳಿದ್ದಾರೆ, ನಿಜ. ಅಷ್ಟಕ್ಕೇ ಪುಸ್ತಕವನ್ನು ಅವರ ದಿನಚರಿ ಅಂದುಕೊಳ್ಳುವವರು ಕಥೆಯ ಕಟ್ಟಡವನ್ನೇ ನೋಡುವುದಿಲ್ಲ. ಜೊತೆಗಾರ ಕಾರ್ತಿಕ್ ಮದುವೆಯಾಗಿ ಹೊರಟಾಗ ಮೋಹನಸ್ವಾಮಿ ಏನು ಮಾಡುತ್ತಾನೆ, ಅದನ್ನು ಯಾವ ಸಣ್ಣ ಸಣ್ಣ ವಿವರದಲ್ಲಿ ತೋರಿಸಿದ್ದಾರೆ, ಅಲ್ಲಿ ನಿಲ್ಲಿ. ಮಾತಾಡುವಾಗ ‘ಮೋಹನಸ್ವಾಮಿ ಹೀಗಂದ’ ಅನ್ನಿ. ‘ವಸುಧೇಂದ್ರ ಹೀಗಂದರು’ ಬೇಡ.

‘ಇದೆಲ್ಲ ನಮ್ಮದಲ್ಲ ಬಿಡಿ, ಹೊರಗಿಂದ ಬಂದದ್ದು’ ಅನ್ನುವ ಹಿರಿಯರು ಒಬ್ಬರಾದರೂ ಇರುತ್ತಾರೆ. ಅರ್ಧ ಗಂಟೆ ವಾದ ಮಾಡಿ ಅವರನ್ನು ಗೆಲ್ಲಲು ಹೋಗಬೇಡಿ. ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂದ ಜೇಡರ ದಾಸಿಮಯ್ಯನ ವಚನ ಅವರಿಗೇ ಬಾಯಿಪಾಠ ಬರುತ್ತಿರುತ್ತದೆ. ಹೇಳಿ ಅಂತ ಕೇಳಿ, ಹೇಳಿಸಿ, ಮುಂದಿನವರ ಸರದಿಗೆ ಹೋಗಿ.

ಫೋಟೋ, ಪಟ್ಟಿ, ಗ್ರೂಪು

ಪುಸ್ತಕ ಹಿಡಿದು ನಿಂತ ಗ್ರೂಪ್ ಫೋಟೋ ಬೇಡವೇ ಬೇಡ. ಯಾರ ಪುಸ್ತಕದ ಮುಖಪುಟ ಯಾರ ಮಾವನ ಸ್ಟೇಟಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೋ ಹೇಳಲಾಗದು. ಇದು ಎಲ್ಲ ತಿಂಗಳಿಗೂ, ಎಲ್ಲ ಪುಸ್ತಕಕ್ಕೂ ಇರಬೇಕು. ಅಂಥ ಪುಸ್ತಕ ಬಂದ ದಿನ ಮಾತ್ರ ‘ಇವತ್ತು ಫೋಟೋ ಬೇಡ’ ಅಂದರೆ ನೀವೇ ಬೆರಳು ತೋರಿಸಿದ ಹಾಗಾಗುತ್ತದೆ.

ಕೂಟ ಮುಗಿದ ಮೇಲೆ ಪುಸ್ತಕಗಳ ಪಟ್ಟಿ ಗ್ರೂಪಿಗೆ ಹಾಕಿ. ಪುಸ್ತಕ, ಲೇಖಕರು, ಪ್ರಕಾಶನ, ಬೆಲೆ. ತಂದವರ ಹೆಸರು ಬೇಡ. ಗುಡ್ ಮಾರ್ನಿಂಗ್ ಹೂವು ಹಾಕುವವರಿಗೆ ಒಂದು ಸಲ ಹೇಳಿ, ಎರಡನೇ ಸಲ ಹಾಕಿದರೆ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿಬಿಡಿ.

ಕೊನೆಗೆ ತಿಂಡಿ, ಎರವಲು

ತಿಂಡಿ ಕೊನೆಯಲ್ಲೇ ಕೊಡಿ. ಮೊದಲೇ ಕೊಟ್ಟರೆ ಎಣ್ಣೆ ಕೈಯಲ್ಲೇ ಪುಟ ತಿರುವುತ್ತಾರೆ. ಮಿರ್ಚಿ ಬಜ್ಜಿ ಪುಸ್ತಕದ ಶತ್ರು, ಚುರುಮುರಿಯೂ ಅಷ್ಟೇ. ಬಿಸ್ಕತ್ತು, ಬಾಳೆಹಣ್ಣು ಸಾಕು.

ಎರವಲಿಗೆ ಒಂದು ನೋಟ್‌ಬುಕ್ ಇಡಿ, ಆದರೆ ಅದು ಕೂಟ ನಡೆಸುವವರ ಬ್ಯಾಗಿನಲ್ಲೇ ಇರಲಿ, ಕೈಯಿಂದ ಕೈಗೆ ಹೋಗುವುದು ಬೇಡ. ಒಯ್ದ ಪುಸ್ತಕವನ್ನು ಮುಂದಿನ ತಿಂಗಳು ವಾಪಸ್ ತರಬೇಕು. ತರದವರಿಗೆ ಇನ್ನೊಂದು ಕೊಡಬೇಡಿ, ಕಳೆದವರು ಹೊಸ ಪ್ರತಿ ಕೊಂಡು ಕೊಡಲಿ. ಮತ್ತೆ, ಅರ್ಧ ಓದಿದ ಪುಸ್ತಕವನ್ನು ಎರವಲು ಕೊಡಿ ಅಂತ ಯಾರಾದರೂ ಕೇಳಿದರೆ ಮುಲಾಜಿಲ್ಲದೆ ಇಲ್ಲ ಅನ್ನಿ. ಮೊದಲು ನೀವು ಓದಿ ಮುಗಿಸಿ.