ವರ್ವೆಟ್ ಮಂಗವನ್ನು ತೂಗಿದ್ದು, ಅಳೆದಿದ್ದು: ನನ್ನ ಅನುಭವ

ಆಫ್ರಿಕಾದ ವರ್ವೆಟ್ ಮಂಗ ಎಷ್ಟು ತೂಗುತ್ತದೆ ಎಂದು ಹುಡುಕಿದರೆ ಒಂದು ಕಡೆ 3 ಕಿಲೋ ಎಂದಿರುತ್ತದೆ, ಇನ್ನೊಂದು ಕಡೆ 8 ಕಿಲೋ. ಎರಡೂ ಸುಳ್ಳಲ್ಲ. ಹೆಣ್ಣು ಸಾಮಾನ್ಯವಾಗಿ 4 ಕಿಲೋ ಆಸುಪಾಸು, ಗಂಡು ಐದೂವರೆ. ಚೆನ್ನಾಗಿ ಬೆಳೆದ ಗಂಡು 8ರ ಹತ್ತಿರ ಹೋಗುತ್ತದೆ. ಆದರೆ ಈ ಅಂಕಿ ತೆಗೆಯೋದು ಹೇಗೆ ಅನ್ನೋದನ್ನು ಯಾರೂ ಬರೆಯೋದಿಲ್ಲ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ, ಗಾಯಗೊಂಡ ಮತ್ತು ತಾಯಿ ಸತ್ತ ಮಂಗಗಳನ್ನು ನೋಡಿಕೊಳ್ಳುವ ಒಂದು ಆಶ್ರಯದಲ್ಲಿ ನಾನು ಏಳು ತಿಂಗಳು ಸ್ವಯಂಸೇವಕನಾಗಿದ್ದೆ. ಓದಿದ್ದು ಪಶುವೈದ್ಯ. ಅಲ್ಲಿ ನನಗೆ ಸಿಕ್ಕ ಮೊದಲ ಕೆಲಸವೇ ತೂಕ ಬರೆದಿಡೋದು.

ನಾನು ಅಲ್ಲಿಗೆ ಹೋದ ವಾರವೇ ಅಮ್ಮ ಫೋನಿನಲ್ಲಿ ಕೇಳಿದ್ದರು, "ಹೇಗಿದೆಯೋ ಆ ಮಂಗ, ನಮ್ಮ ಮಂಗದ ಥರಾನಾ?" ನಮ್ಮೂರು ಸಾಗರದ ಕಡೆ. ಹಂಚು ಒಡೆಯುವ ಮಂಗಗಳನ್ನು ನೋಡಿಯೇ ಬೆಳೆದವರು ನಾವು. ಮುಖ ಕಪ್ಪು, ಹಣೆಗೆ ಬಿಳಿ ಪಟ್ಟಿ, ಮೈ ಬೂದು ಹಸಿರು ಅಂದೆ. "ಹಾಗಾದ್ರೆ ಮುಸ್ಯ ಕಣೋ" ಅಂದರು. ಮುಖ ನೋಡಿದರೆ ಹೌದು ಅನ್ನಿಸುತ್ತದೆ, ಆದರೆ ನಮ್ಮ ಮುಸ್ಯ, ಅಂದರೆ ಲಂಗೂರ್, ಇದರ ಎರಡು ಮೂರು ಪಟ್ಟು ತೂಗುತ್ತದೆ. ತೂಕದಲ್ಲಿ ವರ್ವೆಟ್ ನಮ್ಮ ಹಂಚಿನ ಮೇಲಿನ ಮಂಗದ ಸಮಕ್ಕೇ ಬರುತ್ತದೆ. ಅಲ್ಲಿ ಜುಲು ಮಾತಾಡುವವರು ಇದಕ್ಕೆ ಇಂಕಾವು ಅಂತಾರೆ, ಆಫ್ರಿಕಾನ್ಸ್ ಮಾತಾಡುವವರು ಬ್ಲೌಆಪ್, ಅಂದರೆ ನೀಲಿ ಮಂಗ. ದೊಡ್ಡ ಗಂಡಿನ ವೃಷಣ ಎದ್ದು ಕಾಣುವ ನೀಲಿ ಬಣ್ಣ, ಅದಕ್ಕೇ ಆ ಹೆಸರು ಅಂತಾರೆ.

ಅಲ್ಲಿ ಮರಿಗಳು ಹುಟ್ಟೋದು ಹೆಚ್ಚಾಗಿ ಅಕ್ಟೋಬರಿನಿಂದ ಡಿಸೆಂಬರ್ ಒಳಗೆ. ಆಶ್ರಯಕ್ಕೆ ಬರುವ ಮರಿಯ ತಾಯಿ ಕಾರಿಗೆ ಸಿಕ್ಕಿರುತ್ತದೆ, ಇಲ್ಲಾ ಕರೆಂಟ್ ತಂತಿಗೆ, ಇಲ್ಲಾ ತೋಟದವರ ಗುಂಡಿಗೆ. ಮರಿ ಮಾತ್ರ ಅದರ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಹುಟ್ಟಿದಾಗ ಮರಿ 300ರಿಂದ 400 ಗ್ರಾಂ. ಅಷ್ಟು ಸಣ್ಣ ಜೀವಕ್ಕೆ 30 ಗ್ರಾಂ ತಪ್ಪು ಅಂದರೆ ಹತ್ತರಲ್ಲಿ ಒಂದು ಭಾಗ ತಪ್ಪು. ಹಾಲಿನ ಲೆಕ್ಕ, ಔಷಧಿಯ ಲೆಕ್ಕ ಎಲ್ಲಾ ತೂಕದ ಮೇಲೇ ನಿಂತಿರೋದು, ಅಲ್ವಾ. ಅದಕ್ಕೇ ಇಷ್ಟು ಹಟ.

ಮರಿಯನ್ನು ಬರಿಯ ತಟ್ಟೆಯಲ್ಲಿ ಕೂರಿಸಿದರೆ ಕಿರುಚುತ್ತದೆ, ಕೈಕಾಲು ಬಡಿಯುತ್ತದೆ, ಅಂಕಿ ನಿಲ್ಲೋದೇ ಇಲ್ಲ. ಅದಕ್ಕೆ ಬೇಕಾಗಿದ್ದು ಹಿಡಿದುಕೊಳ್ಳಲು ಏನಾದರೂ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಬೇಸಿನ್ನು, ಬೇಸಿನ್ನಿನಲ್ಲಿ ಜೂಲು ಕೂದಲಿನ ಒಂದು ಗೊಂಬೆ. ಮೊದಲು ಗೊಂಬೆ ಇಟ್ಟು ಸೊನ್ನೆ ಮಾಡಿ, ಆಮೇಲೆ ಮರಿಯನ್ನು ಗೊಂಬೆಯ ಎದೆಗೆ ಒರಗಿಸಿ ಕೈ ಬಿಟ್ಟರೆ, ಎರಡೂ ಕೈಯಲ್ಲಿ ಜೂಲನ್ನು ಬಿಗಿಯಾಗಿ ಹಿಡಿದು ಮುಖ ಒತ್ತಿಕೊಂಡು ಸುಮ್ನಾಗಿಬಿಡುತ್ತದೆ. ಐದಾರು ಸೆಕೆಂಡು ಸಾಕು. ಮೂರು ಸಲ ಓದಿ ನಡುವಿನದ್ದನ್ನು ಬರೆಯುತ್ತಿದ್ದೆ. ಯಾವಾಗಲೂ ಬೆಳಗ್ಗೆ, ಮೊದಲ ಹಾಲಿಗೆ ಮುಂಚೆ. ಹಾಲು ಕುಡಿದ ಮೇಲೆ ತೂಗಿದರೆ ಮರಿ ಬೆಳೆದ ಹಾಗೆ ಕಾಣುತ್ತದೆ, ಬೆಳೆದಿರೋದಿಲ್ಲ. ಇನ್ನೊಂದು ಮಾತು, ಗೊಂಬೆ ಉಚ್ಚೆಯಲ್ಲಿ ನೆನೆದಿದ್ದರೆ ಅದರ ತೂಕವೂ ಬದಲಾಗುತ್ತದೆ, ಹಾಗಾಗಿ ಪ್ರತಿ ಮರಿಗೂ ಹೊಸದಾಗಿ ಸೊನ್ನೆ ಮಾಡಲೇಬೇಕು. ನಾನು ಇದನ್ನು ಕಲಿತಿದ್ದು ಎರಡು ದಿನ ತಪ್ಪು ಬರೆದ ಮೇಲೆ.

ದೊಡ್ಡವನ್ನು ಹಿಡಿದು ತೂಗೋದು ಬೇಡ, ಅವುಗಳಿಗೂ ಹಿಂಸೆ, ಕೋರೆಹಲ್ಲು ನೋಡಿದರೆ ನಮಗೂ ಕ್ಷೇಮ ಅಲ್ಲ. ಪಂಜರದೊಳಗೆ ತಕ್ಕಡಿಯ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ನಾಲ್ಕು ಶೇಂಗಾ ಬೀಜ ಹಾಕಿ, ಅಂಕಿ ತೋರಿಸುವ ಪೆಟ್ಟಿಗೆಯನ್ನು ಹೊರಗಿಟ್ಟು ಕಾಯುತ್ತಿದ್ದೆವು. ಸುಲಭ ಅಂದುಕೊಂಡಿದ್ದೆ. ಮೊದಲ ದಿನ ಒಂದೇ ಹೆಣ್ಣು 3 ಕಿಲೋ 100 ತೂಗಿ, ಎರಡು ನಿಮಿಷ ಬಿಟ್ಟು 4 ಕಿಲೋ 200 ತೂಗಿತು. ನೋಡಿದರೆ ಮೊದಲ ಸಲ ಒಂದು ಕೈಯಲ್ಲಿ ಜಾಲರಿ ಹಿಡಿದಿತ್ತು, ಬಾಲವೂ ಹಲಗೆಯಿಂದಾಚೆ ನೆಲದ ಮೇಲೆ ಬಿದ್ದಿತ್ತು. ಹಲಗೆಯನ್ನು ಜಾಲರಿಯಿಂದ ಒಂದು ಮೀಟರ್ ದೂರ ಸರಿಸಿ, ಕೆಳಗೆ ಗಟ್ಟಿ ಪೆಟ್ಟಿಗೆ ಕೊಟ್ಟು ಎತ್ತರಿಸಿದ ಮೇಲೆ ಸರಿಹೋಯಿತು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ವರ್ವೆಟ್ ಗುಂಪಿನಲ್ಲಿ ಹೆಣ್ಣುಗಳಿಗೆ ಮೇಲು ಕೀಳು ಇದೆ, ತಾಯಿಯ ಸ್ಥಾನ ಮಗಳಿಗೆ ಬರುತ್ತದೆ. ಮೇಲಿನ ಮನೆತನದ ಹೆಣ್ಣು ಹಲಗೆ ಬಿಟ್ಟು ಏಳೋದೇ ಇಲ್ಲ, ಕೆಳಗಿನವು ಹತ್ತಿರ ಬರೋದೇ ಇಲ್ಲ. ವಾರದ ಕೊನೆಗೆ ನನ್ನ ಪುಸ್ತಕದಲ್ಲಿ ಚೆನ್ನಾಗಿ ತಿಂದುಂಡ ಮಂಗಗಳದ್ದೇ ತೂಕ, ಯಾವುದು ಸೊರಗುತ್ತಿದೆ ಅಂತ ತಿಳಿಯಬೇಕಿತ್ತೋ ಅದರದ್ದು ಖಾಲಿ. ಕೊನೆಗೆ ಪಂಜರದ ಎರಡು ತುದಿಯಲ್ಲಿ ಎರಡು ಹಲಗೆ ಇಟ್ಟೆವು. ಮೇಲಿನವಳು ಒಂದರಲ್ಲಿ ಕೂತಿದ್ದಾಗ ಇನ್ನೊಂದಕ್ಕೆ ಬಡಪಾಯಿಗಳು ಬಂದವು.

ಉದ್ದ ಅಳೆಯುವ ಅವಕಾಶ ಬರೋದು ಯಾವುದೋ ಚಿಕಿತ್ಸೆಗೆ ಅರಿವಳಿಕೆ ಕೊಟ್ಟಾಗ ಮಾತ್ರ. ಮೈ ಬೇರೆ, ಬಾಲ ಬೇರೆ ಬರೆಯಬೇಕು, ಯಾಕೆಂದರೆ ಬಾಲ ಮೈಗಿಂತ ಉದ್ದ. ಮೈ ಹೆಣ್ಣಿನದು 40ರಿಂದ 50 ಸೆಂಟಿಮೀಟರ್, ಗಂಡಿನದು 60ರವರೆಗೆ. ಟೇಪನ್ನು ಬೆನ್ನಿನ ಬಾಗಿನ ಮೇಲೆ ಎಳೆದರೆ ಜಾಸ್ತಿ ಬರುತ್ತದೆ, ಹಲಗೆಯ ಮೇಲೆ ಮಲಗಿಸಿ ನೇರವಾಗಿ ಅಳೆಯಬೇಕು. ಬಾಲದ ತುದಿಯ ಕೂದಲು ಲೆಕ್ಕಕ್ಕಿಲ್ಲ, ಕೊನೆಯ ಮೂಳೆ ಬೆರಳಿಗೆ ಸಿಗುವ ಕಡೆ ನಿಲ್ಲಿಸಬೇಕು.

ಇನ್ನು ವಯಸ್ಸು. ಇದನ್ನು ನನಗೆ ಕಲಿಸಿದ್ದು ಒಂದು ಮರಿ. ಜನವರಿ ಕೊನೆಯಲ್ಲಿ ಒಬ್ಬರು ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟರು. ಮನೆಯಲ್ಲಿ ಸಾಕಿಕೊಂಡಿದ್ದರಂತೆ. ಪರವಾನಗಿ ಇಲ್ಲದೆ ಹಾಗೆ ಸಾಕೋದು ಅಲ್ಲಿ ಕಾನೂನಿಗೆ ವಿರುದ್ಧ. "ಒಂದು ತಿಂಗಳ ಮರಿ" ಅಂದರು. ತಕ್ಕಡಿಯಲ್ಲಿ 410 ಗ್ರಾಂ. ಒಂದು ತಿಂಗಳಿಗೆ ಪರವಾಗಿಲ್ಲ ಎಂದು ನಾನು ಬರೆದೂಬಿಟ್ಟೆ. ಅಲ್ಲಿನ ಹಿರಿಯ ಮೇಡಂ ಮರಿಯ ಗಲ್ಲ ಹಿಡಿದು ಮುಖ ತಿರುಗಿಸಿ, "ಇದರ ಮುಖ ನೋಡಿದ್ರಾ?" ಎಂದರು. ವರ್ವೆಟ್ ಮರಿಗೆ ಹುಟ್ಟುವಾಗ ಮೈ ಕಪ್ಪು, ಮುಖ ಗುಲಾಬಿ. ಸುಮಾರು ಮೂರು ತಿಂಗಳಿಗೆ ಅದು ತಿರುವುಮುರುವು, ಮುಖ ಕಪ್ಪಾಗುತ್ತಾ ಮೈ ಬೂದು ಹಸಿರಾಗುತ್ತದೆ. ಇದರ ಮುಖ ಪೂರ್ತಿ ಕಪ್ಪು. ಅಂದರೆ ಮೂರು ತಿಂಗಳು ದಾಟಿದ ಮರಿ, ಇನ್ನೂ ಹುಟ್ಟಿದ ಮರಿಯ ತೂಕದಲ್ಲೇ ಇದೆ. ಹಸುವಿನ ಹಾಲು, ಬಿಸ್ಕತ್ತು ಕೊಟ್ಟಿದ್ದರಂತೆ. ತೊಡೆ ಮುಟ್ಟಿದರೆ ಬೆರಳಿಗೆ ಮೂಳೆಯೇ ಸಿಗುತ್ತಿತ್ತು. ನನಗೆ ಆವತ್ತು ಊಟ ಸೇರಲಿಲ್ಲ. ಪುಟ್ಟಿ ಎಂದು ಕರೆದೆ, ಆ ಹೆಸರೇ ಉಳಿಯಿತು.

ದೊಡ್ಡವಕ್ಕೆ ಹಲ್ಲು ನೋಡಬೇಕು. ಹಾಲುಹಲ್ಲು ಎಷ್ಟು ಉಳಿದಿದೆ, ದವಡೆಹಲ್ಲು ಎಷ್ಟು ಬಂದಿದೆ, ಗಂಡಿನ ಕೋರೆ ಪೂರ್ತಿ ಇಳಿದಿದೆಯಾ. ಎಲ್ಲಾ ಹಲ್ಲು ಬಂದ ಮೇಲೆ ಸವೆತ ನೋಡಿ ಅಂದಾಜು ಮಾಡಬೇಕು, ಅಲ್ಲಿಂದ ಮುಂದೆ ಖಚಿತ ಇಲ್ಲ. ಆಯಸ್ಸು 30 ವರ್ಷ ಎಂದು ಓದಿರುತ್ತೀರಿ. ಅದು ಮನುಷ್ಯರ ಆರೈಕೆಯಲ್ಲಿ ಬದುಕಿದ ಮಂಗದ ಲೆಕ್ಕ. ಕಾಡಿನಲ್ಲಿ ಚಿರತೆ, ಹದ್ದು, ಹೆಬ್ಬಾವು ಎಲ್ಲಾ ಇವೆ, ಹನ್ನೆರಡು ವರ್ಷ ದಾಟಿದರೆ ಅದು ಅಜ್ಜಿಯೇ. ಕೀನ್ಯಾದ ಅಂಬೊಸೆಲಿಯಲ್ಲಿ ವರ್ಷಗಟ್ಟಲೆ ನೋಡಿದವರ ಪ್ರಕಾರ ಹುಟ್ಟಿದ ಮರಿಗಳಲ್ಲಿ ಸುಮಾರು ಅರ್ಧ ಮೊದಲ ವರ್ಷವೇ ದಾಟೋದಿಲ್ಲ. ಮುದ್ದಾಗಿದೆ ಎಂದು ಮರಿ ಮನೆಗೆ ತರುವವರು ಈ ಎರಡೂ ಲೆಕ್ಕವನ್ನು ಒಟ್ಟಿಗೆ ಓದಬೇಕು. ಮೊದಲ ವರ್ಷ ಉಳಿಸೋದೇ ಕಷ್ಟ, ಉಳಿದರೆ ಮೂವತ್ತು ವರ್ಷದವರೆಗೂ ಸಾಕಬೇಕು, ಕೋರೆಹಲ್ಲು ಬಂದ ಮೇಲೂ.

ಪುಟ್ಟಿಗೆ ದಿನಕ್ಕೆ ಐದು ಗ್ರಾಂ, ಆರು ಗ್ರಾಂ ಹಾಗೆ ಏರಿತು. ಎರಡು ಸಲ ಭೇದಿಯಾಗಿ ಇಳಿಯಿತು. ಮಾರ್ಚಿನಲ್ಲಿ ಒಂದು ಹೆಣ್ಣು ಅದನ್ನು ಸಾಕುತಾಯಿಯಾಗಿ ಒಪ್ಪಿಕೊಂಡಿತು. ನಾಲ್ಕನೇ ದಿನ ಆ ಹೆಣ್ಣು ಶೇಂಗಾಕ್ಕೆ ಹಲಗೆಗೆ ಬಂದು ಕೂತಾಗ ಪುಟ್ಟಿ ಅದರ ಹೊಟ್ಟೆಗೆ ಅಂಟಿಕೊಂಡಿತ್ತು, ಗೊಂಬೆಯ ಜೂಲು ಹಿಡಿಯುತ್ತಿದ್ದ ಹಾಗೇ. ಅಂಕಿ ತೋರಿಸುವ ಪೆಟ್ಟಿಗೆಯಲ್ಲಿ 4 ಕಿಲೋ 860. ಹಿಂದಿನ ವಾರ ಆ ಹೆಣ್ಣೊಂದೇ 4 ಕಿಲೋ 150 ಇತ್ತು. ಕಳೆದು ಬರೆದೆ, 710.