ದುಬೈಗೆ ಬ್ಯಾಡಗಿ ಮೆಣಸಿನಕಾಯಿ: ಸೆಪಾ ಒಪ್ಪಂದ ಬಳಸಿಕೊಳ್ಳುವುದು ಹೇಗೆ

2022ರ ಫೆಬ್ರವರಿ 18ರಂದು ಭಾರತ ಮತ್ತು ಯುಎಇ ಒಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ಸೆಪಾ, ಅಂದರೆ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ. ಇದರಡಿ ಹಲವು ಸರಕುಗಳಿಗೆ ಆಮದು ಸುಂಕದಲ್ಲಿ ರಿಯಾಯಿತಿ ಇದೆ. ಅದೇ ವರ್ಷದ ಮೇ 1ರಿಂದ ಜಾರಿಯಲ್ಲಿದೆ. ಹಾವೇರಿ ಕಡೆ ಯಾರನ್ನು ಕೇಳಿದರೂ "ಅದೆಲ್ಲ ದೊಡ್ಡವರಿಗೆ ಬಿಡ್ರಿ" ಅಂತಾರೆ. ಹಾಗೇನಿಲ್ಲ, ಕಾಗದಪತ್ರ ಸರಿ ಇದ್ದರೆ ಹತ್ತು ಚೀಲ ಕಳಿಸುವವರಿಗೂ ಅದೇ ನಿಯಮ.

ಮೊದಲು ಐಇಸಿ, ಅಂದರೆ ಆಮದು-ರಫ್ತು ಮಾಡುವವರಿಗೆ ಬೇಕಾದ ನಂಬರ್, ಮಾಡಿಸಿ. ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ 500 ರೂಪಾಯಿ ಶುಲ್ಕ. ಆಮೇಲೆ ಸ್ಪೈಸಸ್ ಬೋರ್ಡ್ ನೋಂದಣಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್. ಇದಿಷ್ಟು ಓಡಾಟದ ಕೆಲಸ, ಕಷ್ಟದ್ದಲ್ಲ.

ನಂತರ ಎಚ್‌ಎಸ್ ಕೋಡ್ ನೋಡಿ, ಅಂದರೆ ಕಸ್ಟಮ್ಸ್‌ನವರು ಸರಕು ಗುರುತಿಸುವ ಸಂಖ್ಯೆ. ಇಡೀ ಒಣಮೆಣಸಿನಕಾಯಿಗೆ 090421, ಪುಡಿಗೆ 090422. ಯುಎಇಯಲ್ಲಿ ಸಾಮಾನ್ಯ ಆಮದು ಸುಂಕ ಶೇ 5. ಆದರೆ ಎಲ್ಲ ಸರಕಿಗೂ ಒಂದೇ ಲೆಕ್ಕವಲ್ಲ. ಕೆಲವಕ್ಕೆ ತಕ್ಷಣ ಶೂನ್ಯ, ಕೆಲವಕ್ಕೆ ವರ್ಷಗಳ ಮೇಲೆ ಹಂತಹಂತವಾಗಿ ಇಳಿಕೆ, ಕೆಲವು ಒಪ್ಪಂದದಿಂದಲೇ ಹೊರಗೆ. ನಿಮ್ಮ ಕೋಡ್ ಯಾವ ಸಾಲಿನಲ್ಲಿದೆ ಅಂತ ಒಪ್ಪಂದದ ಸುಂಕ ಪಟ್ಟಿಯಲ್ಲೇ ಹುಡುಕಿ, ಬಾಯಿಮಾತು ನಂಬಬೇಡಿ.

ರಿಯಾಯಿತಿ ಬೇಕಾದರೆ ಮೂಲ ಪ್ರಮಾಣಪತ್ರ, ಅಂದರೆ ಸರ್ಟಿಫಿಕೇಟ್ ಆಫ್ ಒರಿಜಿನ್ ಬೇಕೇ ಬೇಕು. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ನಮ್ಮ ಹೊಲದಲ್ಲೇ ಬೆಳೆದ ಕಾಯಿ ಆದ್ದರಿಂದ "ಪೂರ್ತಿ ಇಲ್ಲೇ ಉತ್ಪನ್ನವಾದದ್ದು" ಅನ್ನುವ ವರ್ಗಕ್ಕೆ ಸೇರುತ್ತದೆ, ಕಾರ್ಖಾನೆ ಮಾಲಿನವರಂತೆ ಇಲ್ಲಿ ಎಷ್ಟು ಮೌಲ್ಯ ಸೇರಿಸಿದೆವು ಅನ್ನುವ ಲೆಕ್ಕ ಒಪ್ಪಿಸಬೇಕಾಗಿಲ್ಲ. ಇನ್ವಾಯ್ಸ್, ಪ್ರಮಾಣಪತ್ರ, ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಪತ್ರ) ಮೂರರಲ್ಲೂ ಹೆಸರು, ತೂಕ, ಕೋಡ್ ಒಂದೇ ಇರಲಿ. ನನಗೆ ಪರಿಚಯದ ಒಬ್ಬರು ಒಂದು ಅಂಕಿ ತಪ್ಪು ಬರೆದು ಎರಡು ವಾರ ಒದ್ದಾಡಿದರು, ಪಾಪ.

ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಸುಂಕ ಕಟ್ಟುವವನು ದುಬೈನ ಖರೀದಿದಾರ, ನೀವಲ್ಲ. ಉಳಿತಾಯವೂ ಮೊದಲು ಅವನ ಜೇಬಿಗೇ ಹೋಗುತ್ತದೆ! ಹಾಗಾಗಿ ದರ ಮಾತಾಡುವಾಗಲೇ "ಪ್ರಮಾಣಪತ್ರ ನಾನು ಕೊಡುತ್ತೇನೆ, ರೇಟಿನಲ್ಲಿ ನನಗೂ ಪಾಲು ಕೊಡು" ಅಂತ ಕೇಳಿ. ಸರಕು ಹಡಗು ಹತ್ತಿದ ಮೇಲೆ ಕೇಳಿದರೆ ಯಾರು ಕೊಡುತ್ತಾರೆ?

ಸರಕಿನ ಬಗ್ಗೆ ಒಂದು ಮಾತು. ಬ್ಯಾಡಗಿ ಪೇಟೆಯಲ್ಲಿ ರಾಶಿಯ ಮೇಲಿನ ಕಾಯಿ ನೋಡಿ ತೃಪ್ತಿಪಡಬೇಡಿ, ಒಳಗೆ ಕೈ ಹಾಕಿ ಒಂದು ಹಿಡಿ ತೆಗೆಯಿರಿ. ಬ್ಯಾಡಗಿಯ ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಹಿಸುಕಿದಾಗ ಗರಗರ ಸದ್ದು ಬರಬೇಕು. ಮೆತ್ತಗೆ ಬಾಗಿದರೆ ತೇವ ಇದೆ ಅಂತ ಅರ್ಥ, ಕಂಟೇನರ್ ಸೆಕೆಯಲ್ಲಿ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಹುಟ್ಟುವ ವಿಷ) ಪರೀಕ್ಷೆಯಲ್ಲಿ ಫೇಲ್ ಆಗಬಹುದು. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಹೆಸರು ಇದು, ಕೆಡಿಸಬಾರದು ಅಲ್ವಾ?

ಹಣದ ವಿಷಯ. 2023ರ ಜುಲೈನಲ್ಲಿ ಎರಡೂ ದೇಶಗಳ ಕೇಂದ್ರ ಬ್ಯಾಂಕ್‌ಗಳು ರೂಪಾಯಿ-ದಿರ್ಹಮ್‌ನಲ್ಲೇ ವ್ಯವಹರಿಸಲು ಒಪ್ಪಂದ ಮಾಡಿಕೊಂಡಿವೆ. ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಕೇಳಿ ನೋಡಿ. ಆದರೆ ಹೊಸ ಗಿರಾಕಿಯಾದರೆ ಯಾವ ಕರೆನ್ಸಿ ಅನ್ನುವುದಕ್ಕಿಂತ ಮುಂಗಡ ಎಷ್ಟು ಅನ್ನುವುದು ಮುಖ್ಯ. ಸಾಲದ ಮೇಲೆ ಕಳಿಸುವುದೇ ಆದರೆ ಇಸಿಜಿಸಿ (ರಫ್ತಿನ ಹಣ ಬಾರದಿದ್ದರೆ ನಷ್ಟ ತುಂಬಿಕೊಡುವ ಸರ್ಕಾರಿ ಕಂಪನಿ) ವಿಮೆ ಮಾಡಿಸಿಯೇ ಲಾರಿ ಹೊರಡಿಸಿ.